ಎರಡು ಉಕ್ಕುಗಳ ನಡುವಣ ರಬ್ಬರು

ಹಳೆಯ ಕಾರೊಂದನ್ನು ಕೊಳ್ಳಲು ಬಂದವರು ಮೊದಲು ಅದರ ಬಣ್ಣವನ್ನು ನೋಡುತ್ತಾರೆ. ಬಳಿಕ ಬಾನೆಟ್ಟನ್ನು ಎತ್ತಿಸಿ ಎಂಜಿನ್ನಿನ ಸದ್ದನ್ನು ಆಲಿಸುತ್ತಾರೆ, ಸೀಟಿನ ಹೊದಿಕೆಯನ್ನು ಮುಟ್ಟಿ ನೋಡುತ್ತಾರೆ, ಬಾಗಿಲನ್ನು ತೆರೆದು ಮುಚ್ಚಿ ಅದು ಕೂಡಿಕೊಳ್ಳುವ ಬಗೆಯನ್ನು ಪರೀಕ್ಷಿಸುತ್ತಾರೆ. ನೆಲಕ್ಕೆ ಬೆನ್ನು ಹಚ್ಚಿ ಮಲಗಿ, ಟಾರ್ಚಿನ ಬೆಳಕಿನಲ್ಲಿ ಕಾರಿನ ಅಡಿಭಾಗವನ್ನು ನೋಡುವವರು ಬಹಳ ವಿರಳ. ಆದರೆ ಕಾರಿನ ನಿಜವಾದ ಪ್ರಾಯ ತಿಳಿಯುವುದು ಅಲ್ಲಿಯೇ. ಮುಂಚಕ್ರಗಳನ್ನು ಕಾರಿನ ಒಡಲಿಗೆ ಜೋಡಿಸುವ ಉಕ್ಕಿನ ತೋಳುಗಳ ಬುಡದಲ್ಲಿ ರಬ್ಬರಿನ ಸಣ್ಣ ಉಂಗುರಗಳಿವೆ. ಮೆಕ್ಯಾನಿಕರು ಅವುಗಳನ್ನು ಬುಷ್ ಎಂದು ಕರೆಯುತ್ತಾರೆ. ಇಡೀ ವಾಹನದಲ್ಲಿ ಇಷ್ಟು ಅಗ್ಗದ, ಇಷ್ಟು ಅನಾಮಿಕವಾದ ಭಾಗ ಇನ್ನೊಂದಿರಲಾರದು. ಬಣ್ಣ ಮಾಸಿದರೆ ದಾರಿಹೋಕನಿಗೂ ಕಾಣುತ್ತದೆ; ಬುಷ್ಷಿಗೆ ಮುಪ್ಪು ಬಂದರೆ ಮಾಲೀಕನಿಗೂ ಕಾಣುವುದಿಲ್ಲ.

ಬುಷ್ಷಿನ ಕೆಲಸವೇನೆಂದು ತಿಳಿಯಲು ಎತ್ತಿನ ಗಾಡಿಯಿಂದ ಹೊರಡಬಹುದು. ಗಾಡಿಯ ಅಚ್ಚು ಮತ್ತು ಚಕ್ರಗಳ ನಡುವೆ ಕಬ್ಬಿಣವು ಕಬ್ಬಿಣವನ್ನು ಉಜ್ಜುತ್ತದೆ. ಆದುದರಿಂದಲೇ ಗಾಡಿಯವನು ಕೀಲೆಣ್ಣೆಯನ್ನು ಮರೆಯುವಂತಿರಲಿಲ್ಲ. ಮೋಟಾರು ಕಾರಿನ ಮುಂಚಕ್ರವಾದರೋ ತಿರುಗುವುದರ ಜೊತೆಗೆ ರಸ್ತೆಯ ಏರುತಗ್ಗುಗಳಿಗೆ ತಕ್ಕಂತೆ ಎಡೆಬಿಡದೆ ಮೇಲೆ ಕೆಳಗೆ ಆಡುತ್ತಲೂ ಇರುತ್ತದೆ. ಹಾಗೆ ಆಡಿದಾಗಲೆಲ್ಲ ಅದನ್ನು ಹಿಡಿದ ತೋಳು ತನ್ನ ಬುಡದಲ್ಲಿ ಕೆಲವು ಡಿಗ್ರಿಗಳಷ್ಟು ತಿರುಗಬೇಕು. ಅಲ್ಲಿ ಉಕ್ಕಿಗೆ ಉಕ್ಕನ್ನು ತಾಗಿಸಿದರೆ ತೊಂದರೆ ಎರಡು ಬಗೆಯದು: ಎಣ್ಣೆ ಒಣಗಿದಂದು ಕೀಲು ಸವೆಯುತ್ತದೆ, ಒಣಗದಿದ್ದರೂ ರಸ್ತೆಯ ಪ್ರತಿಯೊಂದು ಕಲ್ಲಿನ ಏಟು ನೇರವಾಗಿ ಒಡಲಿಗೆ ಬಡಿಯುತ್ತದೆ.

ಇದಕ್ಕೆ ಇಪ್ಪತ್ತನೆಯ ಶತಮಾನದ ಎಂಜಿನಿಯರರು ಕಂಡುಕೊಂಡ ಉಪಾಯ ಸರಳವಾದುದು. ಒಂದು ಉಕ್ಕಿನ ಕೊಳವೆ, ಅದರೊಳಗೆ ಇನ್ನೊಂದು ಸಣ್ಣ ಕೊಳವೆ, ನಡುವೆ ಎರಡಕ್ಕೂ ಬೆಸೆದುಕೊಂಡ ರಬ್ಬರು. ಹೊರಗಿನ ಕೊಳವೆ ತೋಳಿನೊಂದಿಗೆ ತಿರುಗುತ್ತದೆ. ಒಳಗಿನದು ಒಡಲಿನೊಂದಿಗೆ ಸ್ಥಿರವಾಗಿ ನಿಲ್ಲುತ್ತದೆ. ನಡುವಣ ರಬ್ಬರು ಮಾತ್ರ ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಶಾಲೆಯ ಮಕ್ಕಳು ಅಕ್ಷರ ಅಳಿಸುವ ರಬ್ಬರನ್ನು ಎರಡೂ ತುದಿಗಳಲ್ಲಿ ಬಿಗಿಯಾಗಿ ಹಿಡಿದು ತುಸು ತಿರುಚಿ ಬಿಟ್ಟರೆ ಇದರ ತತ್ತ್ವವೆಲ್ಲ ಅಲ್ಲಿಯೇ ಇದೆ. ಯಾವುದೂ ಯಾವುದರ ಮೇಲೂ ಜಾರದಿರುವುದರಿಂದ ಎಣ್ಣೆಯ ಗೊಡವೆಯಿಲ್ಲ. ಅಷ್ಟೇ ಅಲ್ಲದೆ, ಆ ರಬ್ಬರು ರಸ್ತೆಯ ಸಣ್ಣ ಪುಟ್ಟ ಏಟುಗಳನ್ನು ತಾನೇ ನುಂಗಿಕೊಳ್ಳುತ್ತದೆ. ತಿರುಚುವ ದಿಕ್ಕಿನಲ್ಲಿ ಅದು ಮೃದುವಾಗಿರಬೇಕು. ಚಕ್ರವನ್ನು ಅತ್ತಿತ್ತ ಎಳೆಯುವ ಬಲಕ್ಕೆ ಮಾತ್ರ ಸುಲಭವಾಗಿ ಸೋಲಬಾರದು. ಒಂದೇ ವಸ್ತುವಿನಿಂದ ಈ ಎರಡು ಗುಣಗಳನ್ನು ಕೇಳುವುದೇ ಬುಷ್ಷಿನ ವಿಷಯದಲ್ಲಿರುವ ಕಷ್ಟ. ಮುಂದೆ ಬರುವ ಜಿಜ್ಞಾಸೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಇದನ್ನು ವಿವರಿಸಲು ಎಂಜಿಬಿ ಎಂಬ ಇಂಗ್ಲಿಷ್ ಕಾರನ್ನು ಆರಿಸಿಕೊಳ್ಳುವುದು ಸೂಕ್ತ. ಎಂಜಿ ಎಂಬ ಅಕ್ಷರಗಳು ಆಕ್ಸ್‌ಫರ್ಡಿನ ‘ಮಾರಿಸ್ ಗ್ಯಾರೇಜಸ್’ ಎಂಬ ಹೆಸರಿನಿಂದ ಬಂದವು. ಆ ಊರಿಗೆ ಸಮೀಪದ ಅಬಿಂಗ್ಡನ್ ಎಂಬ ಪುಟ್ಟ ಪಟ್ಟಣದ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಮಿಕ್ಕಿ ಎಂಜಿಬಿಗಳು ತಯಾರಾದವು. ಅವುಗಳಲ್ಲಿ ಬಹುಪಾಲು ಹಡಗೇರಿ ಅಮೆರಿಕಕ್ಕೆ ಹೋದವು. ಇದು ರಾಜಮಹಾರಾಜರ ಕಾರಲ್ಲ. ಇಬ್ಬರು ಕುಳಿತುಕೊಳ್ಳಬಹುದಾದ, ಮೇಲ್ಛಾವಣಿಯನ್ನು ಮಡಚಬಹುದಾದ, 1,798 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ನಿನ, ಮಧ್ಯಮ ವರ್ಗದವರು ಆಸೆಪಡಬಹುದಾಗಿದ್ದ ಕ್ರೀಡಾ ಕಾರು. ಅದರ ರಚನೆ ಎಷ್ಟು ಸರಳವೆಂದರೆ, ಕಾರ್ಖಾನೆ ಮುಚ್ಚಿ ನಾಲ್ಕು ದಶಕಗಳು ಕಳೆದ ಮೇಲೂ ಮಾಲೀಕರು ಮನೆಯ ಪಕ್ಕದ ಶೆಡ್ಡಿನಲ್ಲಿ ಪಾನಾಗಳನ್ನು ಹಿಡಿದು ತಾವೇ ರಿಪೇರಿ ಮಾಡಿಕೊಳ್ಳುತ್ತಾರೆ. ಬಿಡಿಭಾಗಗಳೂ ಇನ್ನೂ ಹೊಸದಾಗಿ ತಯಾರಾಗಿ ಮಾರಾಟವಾಗುತ್ತಿವೆ.

ಎಂಜಿಬಿಯ ಪ್ರತಿಯೊಂದು ಮುಂಚಕ್ರದ ಕೆಳಭಾಗವನ್ನು ಎರಡು ಉಕ್ಕಿನ ತೋಳುಗಳು ಹಿಡಿದಿರುತ್ತವೆ. ಅವೆರಡರ ನಡುವೆ ತಟ್ಟೆಯಂತಹ ಒಂದು ಭಾಗ. ಆ ತಟ್ಟೆಯ ಮೇಲೆ ಕಾಯಿಲ್ ಸ್ಪ್ರಿಂಗ್ ಕುಳಿತಿರುತ್ತದೆ. ತೋಳುಗಳ ಒಳತುದಿಯಲ್ಲಿ ಒಂದೊಂದು ಕಣ್ಣು. ಕಾರ್ಖಾನೆಯವರು ಆ ಒಂದೊಂದು ಕಣ್ಣಿಗೂ ಎರಡು ಬದಿಗಳಿಂದ ಅರ್ಧರ್ಧ ರಬ್ಬರ್ ಬುಷ್ಷುಗಳನ್ನು ತೂರಿಸಿ ನಟ್ಟು ಬಿಗಿಯುತ್ತಿದ್ದರು. ಮುಂಭಾಗಕ್ಕೆಲ್ಲ ಸೇರಿ ಎಂಟು ತುಂಡುಗಳು. ಇವುಗಳಿಗೆ ಉಕ್ಕಿನ ಕೊಳವೆಗಳ ಆಸರೆಯಿರಲಿಲ್ಲ, ಬರಿಯ ರಬ್ಬರು. ಮಿತವ್ಯಯದ ಕಾರಿಗೆ ಮಿತವ್ಯಯದ ಏರ್ಪಾಡು. ಹೊಸತಿದ್ದಾಗ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು ಎಂಬುದನ್ನು ಒಪ್ಪಬೇಕು.

ಬುಷ್ಷುಗಳು ಸವೆಯುವ ಬಗೆಯಲ್ಲಿ ಒಂದು ವಂಚನೆಯಿದೆ. ಟಯರು ಒಡೆದರೆ ಒಡನೆಯೇ ಗೊತ್ತಾಗುತ್ತದೆ. ಬ್ಯಾಟರಿ ಸತ್ತರೆ ಕಾರು ಹೊರಡುವುದೇ ಇಲ್ಲ. ರಬ್ಬರಾದರೋ ವರ್ಷಕ್ಕೆ ಇಷ್ಟಿಷ್ಟೇ ಸೋಲುತ್ತ ಹೋಗುತ್ತದೆ. ನೇರ ರಸ್ತೆಯಲ್ಲಿಯೂ ಸ್ಟೀರಿಂಗನ್ನು ಆಗಾಗ ತುಸು ತಿದ್ದಬೇಕಾಗುತ್ತದೆ. ಬ್ರೇಕು ಒತ್ತಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ. ತಿರುವಿನ ನಡುವೆ ಗುಂಡಿಯೊಂದು ಸಿಕ್ಕಿದರೆ ಮುಂಭಾಗವು ಒಂದು ಕ್ಷಣ ಯಾವ ಕಡೆಗೆ ಹೋಗಲಿ ಎಂದು ಯೋಚಿಸುವಂತೆ ತೋರುತ್ತದೆ. ಅಡಿಯಿಂದ ‘ಟಕ್’ ಎಂಬ ಸದ್ದು. ಟಯರಿನ ಒಂದು ಅಂಚು ಬೇಗನೆ ಸವೆಯುತ್ತದೆ. ಚಾಲಕನ ಕೈಗಳು ಇವೆಲ್ಲಕ್ಕೂ ತಮಗರಿವಿಲ್ಲದೆಯೇ ಹೊಂದಿಕೊಳ್ಳುತ್ತವೆ. ಕೇಳಿದರೆ ಅವನು ಕೊಡುವ ಉತ್ತರ ಒಂದೇ: ‘ಅರುವತ್ತರ ದಶಕದ ಕಾರಲ್ಲವೇ, ಆಗಿನವು ಹೀಗೆಯೇ ಇದ್ದವು’. ಹಾಗೆ ಇರಲಿಲ್ಲ. ಅಬಿಂಗ್ಡನ್ನಿನ ಬಾಗಿಲನ್ನು ದಾಟಿ ಬಂದ ದಿನ ಅದು ನೇರವಾಗಿ ಓಡುವ, ಹೇಳಿದ ಕಡೆಗೆ ತಿರುಗುವ ಕಾರಾಗಿತ್ತು. ಹೊರಗೆ ಬಣ್ಣ ಹಚ್ಚಿಸಿ ಮಿರುಗುತ್ತಿರುವ ಎಷ್ಟೋ ಕಾರುಗಳು ಒಳಗೆ ಸತ್ತ ರಬ್ಬರಿನ ಮೇಲೆ ಓಡುತ್ತಿವೆ. ಅವುಗಳನ್ನು ಕಂಡವರು ಆ ಕಾಲದ ಎಂಜಿನಿಯರರನ್ನೇ ದೂರುತ್ತಾರೆ.

ಇನ್ನೊಂದು ವಿಚಿತ್ರವಿದೆ. ಇಂತಹ ಕಾರನ್ನು ಚಕ್ರಗಳ ಅಲೈನ್‌ಮೆಂಟ್ ನೋಡುವವರಲ್ಲಿಗೆ ಒಯ್ದರೆ ಅಳತೆ ಸರಿಯಾಗಿಯೇ ಬರಬಹುದು. ನಿಂತ ಕಾರಿನ ಬುಷ್ಷಿನ ಮೇಲೆ ಬ್ರೇಕಿನ ಬಲವಿಲ್ಲ, ತಿರುವಿನ ಬಲವಿಲ್ಲ. ಚಕ್ರಗಳು ಇದ್ದಲ್ಲಿಯೇ ಇರುತ್ತವೆ. ರಸ್ತೆಗಿಳಿದು ಬ್ರೇಕು ಒತ್ತಿದ ಕೂಡಲೆ ಸವೆದ ರಬ್ಬರು ಕುಗ್ಗಿ, ತೋಳು ಹಿಂದಕ್ಕೆ ಸರಿದು, ಅಳತೆಪಟ್ಟಿಯಲ್ಲಿ ಬರೆದುಕೊಟ್ಟ ಅಂಕೆಗಳೆಲ್ಲ ಸುಳ್ಳಾಗುತ್ತವೆ. ಮುಖ್ಯ ವಿಚಾರಣೆಯಲ್ಲಿ ಕಂಠಪಾಠ ಒಪ್ಪಿಸಿದಂತೆ ನುಡಿಯುವ ಸಾಕ್ಷಿ, ಪಾಟೀಸವಾಲಿನ ಮೊದಲ ಪ್ರಶ್ನೆಗೇ ತಡವರಿಸುವುದನ್ನು ಕೋರ್ಟಿನಲ್ಲಿ ಕುಳಿತವರು ಕಂಡಿರುತ್ತಾರೆ.

ಹೀಗಿರುವಾಗ ಇದನ್ನು ಪತ್ತೆಹಚ್ಚಬೇಕಾದವರು ಯಾರು? ಬ್ರಿಟನ್ನಿನಲ್ಲಿ ಈ ಪ್ರಶ್ನೆಗೆ ಕಾನೂನಿನ ಉತ್ತರ ಈಚೆಗೆ ಬದಲಾಗಿದೆ. ಅಲ್ಲಿ ಖಾಸಗಿ ಕಾರುಗಳು ಮೂರು ವರ್ಷ ದಾಟಿದ ಮೇಲೆ ಪ್ರತಿವರ್ಷ ಎಂಒಟಿ ಎಂಬ ಪರೀಕ್ಷೆಗೆ ಒಳಗಾಗಬೇಕು. ಪರೀಕ್ಷಕನು ಮೀಟುಗೋಲಿನಿಂದ ತೋಳುಗಳನ್ನು ಮೀಟಿ ನೋಡಿ, ಬುಷ್ ಸಡಿಲವಾಗಿದ್ದರೆ ತಿಳಿಸುತ್ತಾನೆ. 2018ರ ಮೇ ತಿಂಗಳಿನಿಂದ, ನಲುವತ್ತು ವರ್ಷ ದಾಟಿದ, ಗಣನೀಯವಾಗಿ ಮಾರ್ಪಾಡುಗೊಳ್ಳದ ಕಾರುಗಳಿಗೆ ಆ ಪರೀಕ್ಷೆಯಿಂದ ವಿನಾಯಿತಿ ದೊರೆತಿದೆ. ಕೊನೆಯ ಎಂಜಿಬಿ ಹೊರಬಂದುದು 1980ರಲ್ಲಿ. ಆದುದರಿಂದ 2020ರ ಹೊತ್ತಿಗೆ ಆ ಕುಲವೆಲ್ಲ ವಿನಾಯಿತಿಯ ವಯಸ್ಸನ್ನು ಮುಟ್ಟಿತು. ಆದರೆ ವಿನಾಯಿತಿ ದೊರೆತದ್ದು ಪರೀಕ್ಷೆಯಿಂದ. ಕಾರನ್ನು ರಸ್ತೆಗೆ ಯೋಗ್ಯವಾಗಿ ಇಟ್ಟುಕೊಳ್ಳಬೇಕೆಂಬ ಹೊಣೆಯಿಂದಲ್ಲ. ಅಪಾಯಕಾರಿ ಸ್ಥಿತಿಯ ಕಾರನ್ನು ಓಡಿಸಿದರೆ 2,500 ಪೌಂಡುಗಳವರೆಗೆ ದಂಡ ಬೀಳಬಹುದು. ಅಂದರೆ ವರ್ಷಕ್ಕೊಮ್ಮೆ ಅಡಿಯಲ್ಲಿ ನಿಂತು ನೋಡುತ್ತಿದ್ದ ಇನ್ನೊಬ್ಬನ ಕಣ್ಣು ಹೋಯಿತು, ಹೊಣೆ ಮಾತ್ರ ಉಳಿಯಿತು. ಎದುರಿನಿಂದ ಸೈಕಲಿನಲ್ಲಿ ಬರುವ ಶಾಲಾ ಬಾಲಕನಿಗೂ, ಬ್ರೇಕು ಒತ್ತಿದಾಗ ಬಲಕ್ಕೆ ಎಳೆಯುವ ಕಾರಿಗೂ ನಡುವೆ ಇರುವುದು ಮಾಲೀಕನ ಎಚ್ಚರ ಒಂದೇ. ಇಷ್ಟು ಹಗುರವಾಗಿ ಈ ವಿನಾಯಿತಿಯನ್ನು ಕೊಡಬೇಕಾಗಿತ್ತೇ ಎಂಬ ಸಂದೇಹಕ್ಕೆ ಅವಕಾಶವಿದೆ. ವಿನಾಯಿತಿ ಇದ್ದರೂ ಸ್ವಇಚ್ಛೆಯಿಂದ ಪರೀಕ್ಷೆ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ. ವಿವೇಕಿಗಳು ಹಾಗೆಯೇ ಮಾಡುತ್ತಾರೆ.

ಕೆಲಸಕ್ಕೆ ಇಳಿದ ಮಾಲೀಕನ ಮೊದಲ ವೈರಿ ತುಕ್ಕು, ಎರಡನೆಯದು ಸ್ಪ್ರಿಂಗ್. ಹಿಂಚಕ್ರಗಳಿಗೆ ತಡೆಯಿಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ ಚಕ್ರವನ್ನು ಕಳಚಬೇಕು. ಜಾಕನ್ನೊಂದೇ ನಂಬಿ ಕಾರಿನ ಅಡಿಗೆ ನುಸುಳುವುದು ಯಾವ ದೇಶದಲ್ಲಿಯೂ ಸಲ್ಲದು. ಕಾರಿನ ಭಾರವನ್ನು ಹೊತ್ತ ಕಾಯಿಲ್ ಸ್ಪ್ರಿಂಗು ಅದುಮಿಟ್ಟ ಬಲದಿಂದ ಕುಳಿತಿರುತ್ತದೆ. ಅದನ್ನು ಒಮ್ಮೆಲೇ ಬಿಟ್ಟರೆ ಎದುರಿಗಿದ್ದವರ ಮೂಳೆ ಮುರಿಯುವಷ್ಟು ರಭಸದಿಂದ ಹೊರಗೆ ಚಿಮ್ಮುತ್ತದೆ. ಆದುದರಿಂದ ಸ್ಪ್ರಿಂಗಿನ ತಟ್ಟೆಯ ಅಡಿಗೆ ಇನ್ನೊಂದು ಜಾಕನ್ನು ಇಟ್ಟು, ಮೇಲಿನ ತೋಳಿನ ಬೋಲ್ಟನ್ನು ಕಳಚಿ, ಆ ಜಾಕನ್ನು ತೀರ ನಿಧಾನವಾಗಿ ಇಳಿಸುತ್ತ ಸ್ಪ್ರಿಂಗಿನ ಸಿಟ್ಟನ್ನು ಇಳಿಸಬೇಕು. ಬ್ರೇಕಿನ ರಬ್ಬರ್ ಕೊಳವೆ ಎಳೆದುಕೊಳ್ಳದಂತೆ ಚಕ್ರದ ಗುಂಬವನ್ನು ಹಗ್ಗದಿಂದ ಕಟ್ಟಿ ತೂಗುಹಾಕಬೇಕು. ಇಷ್ಟಾದ ಮೇಲೆ ತೋಳಿನ ಬುಡದ ನಟ್ಟುಗಳ ಸರದಿ. ಅವುಗಳಿಗೆ ತೂರಿಸಿದ ಸ್ಪ್ಲಿಟ್ ಪಿನ್ನುಗಳು ಐವತ್ತು ವರ್ಷಗಳ ಮಳೆ, ಕೆಸರು, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು ಇವುಗಳಿಂದ ನಟ್ಟಿನೊಡನೆ ಒಂದಾಗಿರುತ್ತವೆ. ಎರಡು ಗಂಟೆಗಳ ಕೆಲಸವೆಂದು ಹೊರಟವನ ಶನಿವಾರವನ್ನೆಲ್ಲ ಒಂದು ಪಿನ್ನು ತಿಂದುಹಾಕುವುದು ಇಲ್ಲಿಯೇ.

ಕೊನೆಗೆ ಹೊರಬಂದ ಬುಷ್ಷನ್ನು ಅಂಗೈಯಲ್ಲಿ ಇಟ್ಟುಕೊಂಡರೆ, ಇದನ್ನು ರಬ್ಬರೆಂದು ಕರೆಯಬೇಕೇ ಎಂದು ಅನುಮಾನವಾಗುತ್ತದೆ. ಒಂದು ಬದಿ ಕಲ್ಲಿನಂತೆ ಗಟ್ಟಿಯಾಗಿ ಬಿರುಕುಬಿಟ್ಟಿದೆ. ಇನ್ನೊಂದು ಬದಿ ಎಣ್ಣೆ ಕುಡಿದು ಉಬ್ಬಿ, ಬೆಲ್ಲದ ಪಾಕದಂತೆ ಬೆರಳಿಗೆ ಅಂಟುತ್ತದೆ. ರಂಧ್ರವು ದುಂಡಗಿನ ಆಕಾರವನ್ನು ಕಳೆದುಕೊಂಡು ಮೊಟ್ಟೆಯಾಕಾರ ತಾಳಿದೆ. ಗಾಳಿಯಲ್ಲಿರುವ ಓಜೋನ್, ಬಿಸಿಲು, ಶಾಖ, ಖನಿಜ ತೈಲ ಇವು ಸಹಜ ರಬ್ಬರಿನ ಶತ್ರುಗಳು. ಇಲ್ಲಿ ಒಂದು ತಮಾಷೆಯುಂಟು. ಆ ಕಾಲದ ಇಂಗ್ಲಿಷ್ ಕಾರುಗಳ ಎಂಜಿನ್ನಿನಿಂದ ಎಣ್ಣೆ ಸೋರುವುದು ಪ್ರಸಿದ್ಧವೇ. ಹಾಗೆ ಸೋರಿದ ಎಣ್ಣೆ ಕಾರಿನ ಅಡಿಯ ಉಕ್ಕನ್ನು ತುಕ್ಕಿನಿಂದ ಕಾಪಾಡಿತು, ಅದೇ ಎಣ್ಣೆ ರಬ್ಬರನ್ನು ಕೊಂದಿತು.

ಕಾಸರಗೋಡಿನ ಗುಡ್ಡಗಳಲ್ಲಿ ಬೆಳಗಿನ ಜಾವ ತಲೆಗೆ ದೀಪ ಕಟ್ಟಿಕೊಂಡು ರಬ್ಬರ್ ಮರದ ತೊಗಟೆಯನ್ನು ಓರೆಯಾಗಿ ಕೆತ್ತುವವರನ್ನು ಕಂಡ ಮಕ್ಕಳಿಗೆ ಈ ವಸ್ತುವಿನ ಹುಟ್ಟನ್ನು ವಿವರಿಸಬೇಕಾಗಿಲ್ಲ. ಗೆರಟೆಗೆ ತೊಟ್ಟಿಕ್ಕಿದ ಬಿಳಿಯ ಹಾಲು, ಆಮ್ಲ ಸೇರಿಸಿದಾಗ ಹೆಪ್ಪುಗಟ್ಟುವ ಬಗೆ, ಯಂತ್ರದಲ್ಲಿ ಒತ್ತಿದ ಹಾಳೆಗಳು ಹೊಗೆಮನೆಯಲ್ಲಿ ಜೇನುಬಣ್ಣಕ್ಕೆ ತಿರುಗುವುದು ಇವು ಅಂಗಳದ ಸಂಗತಿಗಳು. ಆದರೆ ಆ ಮರ ಇಲ್ಲಿಯದಲ್ಲ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ಬ್ರೆಜಿಲ್ ದೇಶದಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದನು. ಅಲ್ಲಿ ಮೊಳೆತ ಸಸಿಗಳು ಸಿಲೋನಿಗೂ ಸಿಂಗಪುರಕ್ಕೂ ಹೋಗಿ ಏಷ್ಯಾದ ತೋಟಗಳಿಗೆ ಮೂಲವಾದವು. ಕೇರಳದಲ್ಲಿ ಪೆರಿಯಾರ್ ನದಿಯ ದಡದ ತಟ್ಟೇಕಾಡಿನಲ್ಲಿ 1902ರಲ್ಲಿ ವಾಣಿಜ್ಯ ಕೃಷಿ ಆರಂಭವಾಯಿತು. ಬುಷ್ಷಿಗೆ ಬೇಕಾದುದು ಬಿಸಿಲಿಗೆ ಅಂಟಾಗಿ ಚಳಿಗೆ ಕಲ್ಲಾಗುವ ಹಸಿ ರಬ್ಬರಲ್ಲ, ಗಂಧಕದೊಡನೆ ಬೇಯಿಸಿ ಹದಗೊಳಿಸಿದ ರಬ್ಬರು. ಆ ಹದವನ್ನು 1839ರಲ್ಲಿ ಕಂಡುಕೊಂಡ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ತನ್ನ ಆಯುಷ್ಯದ ಬಹುಭಾಗವನ್ನು ಸಾಲಗಾರರೊಡನೆಯೂ ಕೋರ್ಟು ಕಚೇರಿಗಳಲ್ಲಿಯೂ ಕಳೆದನು. 1852ರಲ್ಲಿ ನ್ಯೂಜೆರ್ಸಿಯ ಟ್ರೆಂಟನ್ನಿನಲ್ಲಿ ನಡೆದ ಅವನ ಪೇಟೆಂಟ್ ಮೊಕದ್ದಮೆಯನ್ನು ಆಗ ಅಮೆರಿಕದ ವಿದೇಶಾಂಗ ಸಚಿವನಾಗಿದ್ದ ಡೇನಿಯಲ್ ವೆಬ್‌ಸ್ಟರನೇ ವಾದಿಸಿ ಗೆಲ್ಲಿಸಿಕೊಟ್ಟನು. ಅಧಿಕಾರದಲ್ಲಿರುವ ಸಚಿವನು ಕೋಟು ಧರಿಸಿ ಕಕ್ಷಿಗಾರನ ಪರವಾಗಿ ನಿಲ್ಲುವುದನ್ನು ಇಂದು ಯಾರೂ ಸಹಿಸಲಾರರು. ಗೆದ್ದರೂ ಗುಡ್‌ಇಯರ್ 1860ರಲ್ಲಿ ಸಾಲಗಾರನಾಗಿಯೇ ತೀರಿಕೊಂಡನು. ಅವನ ಹೆಸರಿನ ಟಯರ್ ಕಂಪನಿ ಹುಟ್ಟಿದ್ದು ಆಮೇಲೆ ಎಷ್ಟೋ ವರ್ಷಗಳಿಗೆ. ಅದಕ್ಕೂ ಅವನಿಗೂ ಹೆಸರಿನ ಸಂಬಂಧ ಮಾತ್ರ.

ಹಳೆಯದನ್ನು ತೆಗೆದದ್ದಾಯಿತು, ಅದರ ಜಾಗಕ್ಕೆ ಏನನ್ನು ಹಾಕಬೇಕು ಎಂಬಲ್ಲಿ ಮಾಲೀಕರೊಳಗೆ ಮತಭೇದವಿದೆ. ಮೊದಲಿನಂಥದೇ ಎಂಟು ಅರೆಬುಷ್ಷುಗಳನ್ನು ಹಾಕಿದರೆ ಕಾರ್ಖಾನೆಯ ರೀತಿ ಉಳಿಯುತ್ತದೆ, ಖರ್ಚೂ ಕಡಿಮೆ. ಆದರೆ ಕೆಲವೇ ವರ್ಷಗಳಲ್ಲಿ ಮತ್ತೆ ಅದೇ ಪಿನ್ನಿನೊಡನೆ ಹೋರಾಟ.

ಎರಡನೆಯ ದಾರಿ ಪಾಲಿಯುರಿಥೇನ್. 1937ರಲ್ಲಿ ಜರ್ಮನಿಯಲ್ಲಿ ಓಟ್ಟೋ ಬಾಯರ್ ಮತ್ತು ಸಂಗಡಿಗರು ಕಂಡುಹಿಡಿದ ರಸಾಯನದ ಸಂತಾನವಿದು. ಎಣ್ಣೆಗೆ ಜಗ್ಗದು, ಬೇಗ ಸವೆಯದು, ಕೆಂಪು, ನೀಲಿ, ಹಳದಿ ಬಣ್ಣಗಳಲ್ಲಿ ಕಣ್ಣಿಗೆ ಹಬ್ಬವಾಗಿಯೂ ಇರುತ್ತದೆ. ಹೆಚ್ಚು ಗಟ್ಟಿಯಾದದ್ದು ಹೆಚ್ಚು ಒಳ್ಳೆಯದು ಎಂಬ ನಂಬಿಕೆಯುಳ್ಳವರಿಗೆ ಇದಕ್ಕಿಂತ ಬೇರೆ ಬೇಡ. ಆದರೆ ಇದರಲ್ಲಿ ಒಂದು ಮೂಲಭೂತ ವ್ಯತ್ಯಾಸವಿದೆ. ಬೆಸೆದ ರಬ್ಬರು ತನ್ನೊಳಗೇ ತಿರುಚಿಕೊಳ್ಳುತ್ತದೆ. ಪಾಲಿಯುರಿಥೇನ್ ಸಾಮಾನ್ಯವಾಗಿ ಉಕ್ಕಿನ ಮೇಲೆ ಜಾರುತ್ತದೆ. ಜಾರುವುದೆಂದ ಮೇಲೆ ಗ್ರೀಸು ಬೇಕು. ಗ್ರೀಸು ಒಣಗಿದರೆ ಕಿರುಗುಟ್ಟುತ್ತದೆ. ಅರ್ಥಾತ್ ಎತ್ತಿನ ಗಾಡಿಯ ಕೀಲೆಣ್ಣೆ ಮರಳಿ ಬಂದಂತಾಯಿತು. ರಸ್ತೆಯ ಸಣ್ಣ ಏಟುಗಳೂ ಒಡಲಿಗೆ, ಅಲ್ಲಿಂದ ಕುಳಿತವರ ಬೆನ್ನೆಲುಬಿಗೆ ಹೆಚ್ಚು ತೀಕ್ಷ್ಣವಾಗಿ ದಾಟಿಬರುತ್ತವೆ. ಪಂದ್ಯದ ಮೈದಾನಕ್ಕೆ ಒಯ್ಯುವ ಕಾರಿಗೆ ಇದು ಸರಿ. ಭಾನುವಾರ ಮಡದಿಮಕ್ಕಳೊಡನೆ ಹಳ್ಳಿಯ ದಾರಿಯಲ್ಲಿ ಹೋಗುವ ಕಾರಿಗೆ ಇದನ್ನು ಎಲ್ಲೆಡೆಯೂ ತುರುಕುವುದು ಅತಿರೇಕವೇ ಸರಿ.

ಅದರಲ್ಲಿಯೂ ಹಿಂಭಾಗದಲ್ಲಿ ಇನ್ನಷ್ಟು ವಿವೇಚನೆ ಬೇಕು. ಎಂಜಿಬಿಯ ಹಿಂದಿನ ಅಚ್ಚು ಲಾರಿಗಳಲ್ಲಿರುವಂಥ ಪಟ್ಟಿ ಸ್ಪ್ರಿಂಗುಗಳ ಮೇಲೆ ಕುಳಿತಿದೆ. ತಿರುವಿನಲ್ಲಿ ಒಡಲು ಒಂದು ಬದಿಗೆ ವಾಲಿದಾಗ ಸ್ಪ್ರಿಂಗಿನ ಮುಂತುದಿಯ ಕಣ್ಣು ತನ್ನ ಬೋಲ್ಟಿನ ಸುತ್ತ ತಿರುಗುವುದಲ್ಲದೆ ಅಡ್ಡಡ್ಡಲಾಗಿಯೂ ತುಸು ತಿರುಚಿಕೊಳ್ಳಬೇಕಾಗುತ್ತದೆ. ಅಲ್ಲಿನ ರಬ್ಬರು ಅದಕ್ಕೆ ಎಡೆಮಾಡಿಕೊಡುತ್ತದೆ. ಕಲ್ಲಿನಂಥ ಬುಷ್ಷನ್ನು ಅಲ್ಲಿ ಕೂರಿಸಿದರೆ ಆ ತಿರುಚುವಿಕೆಯನ್ನೆಲ್ಲ ಸ್ಪ್ರಿಂಗಿನ ಪಟ್ಟಿಯೂ ಅದನ್ನು ಹಿಡಿದ ಒಡಲಿನ ತಗಡೂ ಹೊರಬೇಕು. ಸವೆಯಬೇಕಾದ ಅಗ್ಗದ ವಸ್ತುವನ್ನು ಸವೆಯದಂತೆ ಮಾಡಿ, ಸವೆಯಬಾರದ ಬೆಲೆಬಾಳುವ ವಸ್ತುವನ್ನು ಸವೆಸಿದಂತಾಗುತ್ತದೆ.

ಮೂರನೆಯ ದಾರಿ ಅಬಿಂಗ್ಡನ್ನಿನಲ್ಲಿಯೇ ಹುಟ್ಟಿದ್ದು. 1973ರಲ್ಲಿ ಕಾರ್ಖಾನೆಯು ಎಂಜಿಬಿಯ ಛಾವಣಿಯುಳ್ಳ ಮಾದರಿಗೆ ರೋವರ್ ಕಂಪನಿಯ ಮೂರೂವರೆ ಲೀಟರಿನ ವಿ-8 ಎಂಜಿನ್ನನ್ನು ಕೂರಿಸಿತು. 1976ರಲ್ಲಿ ಅದು ನಿಲ್ಲುವವರೆಗೆ ತಯಾರಾದುದು 2,591 ಕಾರುಗಳು ಮಾತ್ರ. ಹೆಚ್ಚಿದ ಶಕ್ತಿಗೆ ತಕ್ಕಂತೆ ಆ ಕಾರಿನ ತೋಳುಗಳ ಬುಡಕ್ಕೆ ಎಂಟು ಅರೆತುಂಡುಗಳ ಬದಲು ಉಕ್ಕಿನ ಕೊಳವೆಗಳ ನಡುವೆ ರಬ್ಬರು ಬೆಸೆದ ನಾಲ್ಕು ಇಡೀ ಬುಷ್ಷುಗಳನ್ನು ಹಾಕಿದರು. ಅವು ಸಾಮಾನ್ಯ ಎಂಜಿಬಿಯ ತೋಳುಗಳಿಗೂ ಯಾವ ಬದಲಾವಣೆಯೂ ಇಲ್ಲದೆ ಕೂರುತ್ತವೆ. ಬರಿಯ ರಬ್ಬರಿಗಿಂತ ಬಿಗಿ, ಪಾಲಿಯುರಿಥೇನಿಗಿಂತ ಮೃದು, ಗ್ರೀಸು ಬೇಡ. ವಿ-8 ಕಾರನ್ನು ಕೊಳ್ಳಲಾರದವರೂ ವಿ-8 ಬುಷ್ಷನ್ನು ಕೊಳ್ಳಬಹುದು. ರಸ್ತೆಯಲ್ಲಿ ಓಡುವ ಎಂಜಿಬಿಗೆ ಇದಕ್ಕಿಂತ ಯುಕ್ತವಾದ ಸುಧಾರಣೆ ಇನ್ನೊಂದಿಲ್ಲವೆಂದು ಹೇಳಲು ಹಿಂಜರಿಯಬೇಕಾಗಿಲ್ಲ.

ಆದರೆ ಹಳೆಯ ಕಾರುಗಳ ಪ್ರಪಂಚದಲ್ಲಿ ಆಚಾರವಂತರೂ ಇದ್ದಾರೆ. 1965ರ ಕಾರಿಗೆ 1973ರ ಬುಷ್ ಹಾಕಿದರೆ ಅದು ‘ಮೂಲ’ ಕಾರಾಗಿ ಉಳಿಯಿತೇ ಎಂದು ಅವರು ಕೇಳುತ್ತಾರೆ. ನಗೆ ಬರಿಸುವ ಪ್ರಶ್ನೆಯಾದರೂ, ಇದೇ ಪ್ರಶ್ನೆ ಕೋಟಿಗಟ್ಟಲೆ ಬೆಲೆಯ ಕಾರೊಂದರ ವಿಷಯದಲ್ಲಿ ಲಂಡನ್ನಿನ ಹೈಕೋರ್ಟಿನ ಮೆಟ್ಟಿಲೇರಿತ್ತು. ‘ಓಲ್ಡ್ ನಂಬರ್ ಒನ್’ ಎಂದು ಹೆಸರಾದ ಬೆಂಟ್ಲಿ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದಿತ್ತು. ಆಮೇಲೆ ಅದರ ಎಂಜಿನ್, ಷಾಸಿ, ಒಡಲುಗಳೆಲ್ಲ ಒಂದೊಂದಾಗಿ ಬದಲಾದವು. ಅದನ್ನು ಒಂದು ಕೋಟಿ ಪೌಂಡುಗಳ ಬೆಲೆಗೆ ಕೊಳ್ಳಲು ಒಪ್ಪಿದ ಕಂಪನಿ, ಇದು ಆ ಕಾರೇ ಅಲ್ಲವೆಂದು ಹಿಂದೆ ಸರಿಯಿತು. 1990ರಲ್ಲಿ ತೀರ್ಪಿತ್ತ ನ್ಯಾಯಮೂರ್ತಿ ಆಟನ್ ಅವರು, 1929ರ ಕಾರಿನದೆಂದು ಖಚಿತವಾಗಿ ಹೇಳಬಹುದಾದ ಯಾವ ಭಾಗವೂ ಉಳಿದಿಲ್ಲವೆಂದೂ, 1930ರ ಕಾರಿನಿಂದ ಉಳಿದಿರುವುದು ಗೇರುಪೆಟ್ಟಿಗೆಯ ಕವಚ, ಪೆಡಲಿನ ದಂಡ, ಸ್ಟೀರಿಂಗಿನ ಕಂಬ ಇಷ್ಟೇ ಎಂದೂ ಕಂಡುಕೊಂಡರು. ಹಾಗಿದ್ದರೂ ಮಾರಾಟಗಾರನೇ ಗೆದ್ದನು. ಆ ಕಾರು ಒಂದು ದಿನವೂ ಇಲ್ಲವಾಗಿರಲಿಲ್ಲ. ಭಾಗಗಳು ಬದಲಾದರೂ ಬಾಳು ಕಡಿಯದೆ ಮುಂದುವರಿದಿತ್ತು. ಆದುದರಿಂದ ಅದು ಅದೇ ಕಾರು ಎಂಬುದು ತೀರ್ಪಿನ ತಿರುಳು. ಮುತ್ತಜ್ಜನ ಕಾಲದ ಮನೆಯ ಹಂಚು, ಪಕಾಸು, ಬಾಗಿಲುಗಳನ್ನೆಲ್ಲ ಮೂರು ತಲೆಮಾರು ಬದಲಿಸಿದ ಮೇಲೂ ಅದನ್ನು ತರವಾಡು ಮನೆಯೆಂದೇ ಕರೆಯುವ ನಾಡಿನವರಿಗೆ ಈ ತೀರ್ಪಿನಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ.

ಕಾನೂನೂ ಬುಷ್ಷಿನ ತಂಟೆಗೆ ಹೋಗುವುದಿಲ್ಲ. ಬ್ರಿಟನ್ನಿನ ವಿನಾಯಿತಿಯನ್ನು ಕಳೆಯುವುದು ಸಸ್ಪೆನ್ಶನ್ನಿನ ಬಗೆಯನ್ನೇ ಬದಲಿಸಿದರೆ. ಅದೇ ಜಾಗದಲ್ಲಿ ಅದೇ ಕೆಲಸವನ್ನು ಮಾಡುವ ರಬ್ಬರನ್ನು ಬದಲಿಸಿದರೆ ಅಲ್ಲ. ಭಾರತದಲ್ಲಿಯೂ 2021ರಲ್ಲಿ ಬಂದ ನಿಯಮಗಳು ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಅವಕಾಶ ಕೊಟ್ಟಾಗ ಗಮನಿಸಿದ್ದು ಷಾಸಿ, ಒಡಲು, ಎಂಜಿನ್ನುಗಳ ಮಾರ್ಪಾಡನ್ನು.

ಆಯ್ಕೆ ಮುಗಿದ ಮೇಲೆ ಉಳಿದ ಕೆಲಸ ಹೆಚ್ಚಿನದಲ್ಲ. ಆದರೆ ತಪ್ಪಿಹೋಗುವುದು ಇಲ್ಲಿಯೇ. ತೋಳಿನ ಕಣ್ಣುಗಳ ತುಕ್ಕನ್ನು ಉಜ್ಜಿ ತೆಗೆದು, ಹೊಸ ಬುಷ್ಷಿಗೆ ಸಾಬೂನಿನ ನೀರು ಸವರಿ, ವೈಸಿನಲ್ಲಿ ಹಿಡಿದು ನೆಟ್ಟಗೆ ಒತ್ತಿ ಕೂರಿಸಬೇಕು. ಎಣ್ಣೆ ಸವರುವುದು ಸುಲಭವೆಂದು ತೋರಿದರೂ ಅದು ಹುಟ್ಟಿದ ದಿನವೇ ವಿಷವುಣಿಸಿದಂತೆ. ತೋಳುಗಳನ್ನು ಜೋಡಿಸಿ, ಸ್ಪ್ರಿಂಗನ್ನು ಮತ್ತೆ ಅದುಮಿ ಕೂರಿಸಿ, ಬುಡದ ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ ಸುಮ್ಮನಾಗಬೇಕು. ಸ್ಟ್ಯಾಂಡಿನ ಮೇಲೆ ಎತ್ತಿಟ್ಟ ಕಾರಿನ ತೋಳುಗಳು ಕೆಳಗೆ ಜೋತಿರುತ್ತವೆ. ಆ ಸ್ಥಿತಿಯಲ್ಲಿ ಬಿಗಿದುಬಿಟ್ಟರೆ ಒಳಗಿನ ಕೊಳವೆ ಅಲ್ಲಿಯೇ ಹಿಡಿದುಕೊಳ್ಳುತ್ತದೆ. ಕಾರನ್ನು ಇಳಿಸಿದ ಕ್ಷಣದಿಂದ ರಬ್ಬರು ಸದಾ ತಿರುಚಿಕೊಂಡೇ ನಿಂತು, ಕಾರಿನ ಎತ್ತರವನ್ನೂ ಕೆಡಿಸಿ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಹೊಸ ಬುಷ್ ಹಾಕಿದರೂ ಬಾಳಿಕೆ ಬರಲಿಲ್ಲವೆಂದು ಅಂಗಡಿಯವನನ್ನು ಶಪಿಸುವವರಲ್ಲಿ ಅನೇಕರು ಈ ಒಂದು ಮಾತನ್ನು ಅರಿಯದವರು. ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ಮುಂಭಾಗವನ್ನು ಎರಡು ಮೂರು ಬಾರಿ ಕೈಯಿಂದ ಒತ್ತಿ ಬಿಟ್ಟು, ಅದು ತಾನಾಗಿ ನಿಲ್ಲುವ ಎತ್ತರದಲ್ಲಿ ನಿಂತ ಮೇಲೆ ಕೊನೆಯ ಬಿಗಿತ; ಬಳಿಕ ಹೊಸ ಸ್ಪ್ಲಿಟ್ ಪಿನ್ನು. ಹಳೆಯ ಪಿನ್ನನ್ನು ನೇರಮಾಡಿ ಮತ್ತೆ ತೂರಿಸುವ ಜಿಪುಣತನ ಬೇಡ.

ಅಲೈನ್‌ಮೆಂಟ್ ನೋಡಿಸಬೇಕಾದುದು ಈಗ. ಅಲ್ಲಿಗೆ ಹೋಗುವ ದಾರಿಯಲ್ಲಿಯೇ ಚಾಲಕನು ಅಭ್ಯಾಸಬಲದಿಂದ ಸ್ಟೀರಿಂಗನ್ನು ಎಡಕ್ಕೆ ತುಸು ತಿದ್ದುತ್ತಾನೆ. ಕಾರು ಹೇಳಿದ ಮಾತನ್ನು ಕೇಳಿ ಎಡಕ್ಕೆ ಹೋಗುತ್ತದೆ. ಅವನು ಬೆಚ್ಚಿ ನೇರಮಾಡಿಕೊಳ್ಳುತ್ತಾನೆ. ಎರಡು ಮೈಲಿ ಹೋಗುವಷ್ಟರಲ್ಲಿ ಕೈಗಳು ಸುಮ್ಮನಿರಲು ಕಲಿಯುತ್ತವೆ. ‘ಟಕ್’ ಸದ್ದು ಮುಂದಿನಿಂದ ನಿಂತಿದೆ. ಅದು ನಿಂತ ಮೇಲೆ, ಅದರ ಮರೆಯಲ್ಲಿ ಇಷ್ಟು ವರ್ಷ ಕೇಳಿಸದಿದ್ದ ಇನ್ನೊಂದು ಸದ್ದು ಹಿಂದಿನ ಎಡಬದಿಯ ಪಟ್ಟಿ ಸ್ಪ್ರಿಂಗಿನ ಕಣ್ಣಿನಿಂದ ಸ್ಪಷ್ಟವಾಗಿ ಕೇಳಿಬರುತ್ತದೆ.